ಟೋಪಿ ಹಾಕಿದವಳು

ರಾಯದುರ್ಗದಲ್ಲಿ ಶಿವರಾತ್ರಿ ಕಳೆದರೆ
ನನ್ನ ಕೆಲಸ ಶುರು:
ಮಾಳಿಗೆಗಳಿಗೆ ಬಿಳಿ ಬಳಿಯುವುದು.
ಸುಣ್ಣ, ಹಿಡಿ ಉಪ್ಪು, ಒಂದಿಷ್ಟು ಅಂಟು,
ಉದ್ದ ಕೋಲಿನ ಪೊರಕೆ.
ಮರುದಿನ ಮನೆಯೊಡತಿ ಹೇಳುತ್ತಾಳೆ:
ರಾತ್ರಿ ಫ್ಯಾನು ತಣ್ಣಗೆ ಬೀಸಿತಪ್ಪ.
ಊರ ನೆತ್ತಿಗೆಲ್ಲ ತಂಪು ಬಳಿದವನ ನೆತ್ತಿ ಮಾತ್ರ
ಹದಿನೆಂಟು ವರ್ಷದಿಂದ ಬತ್ತಲೆ.
ಕಿವಿಯ ಅಂಚು ಸುಲಿದಿದೆ, ಕುತ್ತಿಗೆಯ ಹಿಂದೆ
ಹಳೇ ಚಪ್ಪಲಿಯ ಚರ್ಮ.

ಇಂಥ ನಾನು ಮಗಳಿಗೆ ಬುದ್ಧಿ ಹೇಳಲು ಹೊರಟೆ:
ಬಿಸಿಲಿಗೆ ಹೋಗಬೇಡ ಭಾರ್ಗವಿ.
ಅವಳಿಗೆ ಎಲ್ಲವೂ ಎರಡೆರಡು.
ಮನೆಯಲ್ಲಿ ಬಿಸಿಲು, ಶಾಲೆಯಲ್ಲಿ ಎಂಡ,
ಮನೆಯಲ್ಲಿ ನೆರಳು, ಶಾಲೆಯಲ್ಲಿ ನೀಡ.
'ಟೀಚರು ಹೇಳಿದ್ದು ಎಂಡ. ಇದು ಬಿಸಿಲು ತಾನೇ?'
ಹೆಂಚಿನ ಚೂರು ಹಿಡಿದು
ಕುಂಟೆಬಿಲ್ಲೆಗೆ ಓಡಿದಳು.

ಎದುರುಮನೆ ಅಜ್ಜಿ ಜಗಲಿಯಿಂದ:
ಕರ್ರಗಾಗ್ತೀಯ ಕಣೇ, ಯಾರು ಕಟ್ಕೊಂತಾರೆ ನಿನ್ನ?
ಅದಕ್ಕೆ ಹೆದರಿ ಒಳಗೆ ಬಂದಳು.
ಕನ್ನಡಿ ಮುಂದೆ ನಿಂತು ಮೊಣಕೈ ತಿಕ್ಕಿಕೊಂಡಳು.
ಉರುಕುಂದಮ್ಮ ಮೊರ ಕೆಳಗಿಟ್ಟು
ಮಗಳ ಗಲ್ಲ ಹಿಡಿದು ಅಂದಳು:
ಕಪ್ಪಿಗೆ ಹೆದರಬೇಡ.
ನಾನು ಕಪ್ಪು, ನಮ್ಮವ್ವ ಕಪ್ಪು, ಎರೆಮಣ್ಣು ಕಪ್ಪು.
ಸುಡೋದಕ್ಕೆ ಹೆದರು.
ತಲೆ ಸುತ್ತಿ ಬೀಳ್ತಾರಲ್ಲ, ಅದಕ್ಕೆ ಹೆದರು.

ಅವಳು ಜೀನ್ಸು ಹೊಲಿಯುವವಳು.
ದಿನಕ್ಕೆ ನೂರಿಪ್ಪತ್ತು ಜೇಬು,
ಯಾವ ಊರಿನ ಯಾರ ಕೈ ಅದರೊಳಗೆ ಹೋಗುತ್ತೋ.
ಶನಿವಾರ ಸೆರಗಿನಲ್ಲಿ ತಂದ ತುಂಡುಗಳಿಂದ
ಒಂದು ಟೋಪಿ ಹೊಲಿದಳು: ಅಗಲವಾದ ಅಂಚು,
ಕುತ್ತಿಗೆ ಮುಚ್ಚಲು ಹಿಂದೆ ಇಡೀ ಒಂದು ಜೇಬು,
ತಾಮ್ರದ ಗುಂಡಿ ಸಮೇತ.
ಭಾರ್ಗವಿ ಅದರಲ್ಲಿ ಹುಣಸೆಬೀಜ ತುಂಬಿದಳು.
ನಡೆದರೆ ಗಲಗಲ.
ಮೂರು ದಿನ.
ನಾಲ್ಕನೇ ದಿನ ಟೋಪಿ ಮೊಳೆಯ ಮೇಲೆ.

ಯಾಕೆ ಅಂದೆ.
ಬಕೆಟ್ಟು ಹಿಡಿದು ಹೊಸ್ತಿಲು ದಾಟುತ್ತಿದ್ದ ನನ್ನನ್ನು
ಕಾಲಿನಿಂದ ತಲೆಯವರೆಗೆ ನೋಡಿ
'ನಿಂದೆಲ್ಲಿ?' ಅಂದಳು.

ನನ್ನ ಹತ್ತಿರ ಉತ್ತರಗಳಿದ್ದವು.
ನಮಗೆ ರೂಢಿ. ಕೆಲಸಕ್ಕೆ ಅಡ್ಡ. ಗಂಡಸು.
ಒಂದೊಂದನ್ನೂ ನಾಲಿಗೆಯ ಮೇಲಿಟ್ಟು ನೋಡಿದೆ,
ಎಲೆಯಿಲ್ಲದ ಸುಣ್ಣದ ಹಾಗೆ ಸುಟ್ಟವು.

ಈಗ ನನಗೂ ಒಂದಿದೆ. ಜೇಬು ಎಡಕ್ಕೆ ಸೊಟ್ಟ,
ಹೊಲಿಯುವಾಗ ಕರೆಂಟು ಹೋಗಿತ್ತಂತೆ.
ಜೊತೆಗಾರ ಗಾದಿಲಿಂಗ ನಗುತ್ತಾನೆ:
ಯಾರಪ್ಪ ನಿನಗೆ ಟೋಪಿ ಹಾಕಿದ್ದು?
ಮಗಳು, ಅನ್ನುತ್ತೇನೆ. ಚೆನ್ನಾಗೇ ಹಾಕಿದಳು.

ಗಡಿಯಾರ ಬೇಡ ಅವಳಿಗೆ. ನೆರಳನ್ನೇ ಹೆಜ್ಜೆಯಿಟ್ಟು ಅಳೆಯುತ್ತಾಳೆ.
ತನಗಿಂತ ಉದ್ದವಿದ್ದರೆ ಆಟ,
ಗಿಡ್ಡವಾದರೆ ಬೇವಿನ ಕೆಳಗೆ,
ಬೇವಿಲ್ಲದ ಕಡೆ ಯಾರದಾದರೂ ಜಗಲಿ,
ಆ ಅಜ್ಜಿಯದಾದರೂ ಸರಿ.
ಬೀದಿಯ ಹುಡುಗರೆಲ್ಲ ಹೆಜ್ಜೆ ಎಣಿಸಿ ಜಗಳವಾಡುತ್ತಾರೆ:
ನಿಂದು ನಾಲ್ಕು, ನಂದು ಐದು.
ನೀರು ಕುಡಿ ಎಂದು ಮಾತ್ರ ನಾವಿನ್ನೂ ಕೂಗಬೇಕು.
ಎಲ್ಲ ಒಂದೇ ಬೇಸಿಗೆಗೆ ಆಗುವುದಿಲ್ಲ.

ನಿನ್ನೆ ಭಾನುವಾರ, ಕೋಟೆ ಬೆಟ್ಟದ ಬುಡದಲ್ಲೊಂದು ಮಾಳಿಗೆ.
ಮುಕ್ಕಾಲು ಬಳಿದಿದ್ದೆ. ಹೊಸ ಬಿಳಿ ಕೆಳಗಿನಿಂದಲೇ ಕಣ್ಣು ಚುಚ್ಚುತ್ತಿತ್ತು.
ಇನ್ನೊಂದು ಬಕೆಟ್ಟು, ಮುಗಿಸಿಬಿಡೋಣ ಅಂದುಕೊಂಡೆ.
ಬುತ್ತಿ ಹಿಡಿದು ಅವ್ವನ ಕೊಡೆಯ ಕೆಳಗೆ ಬಂದವಳು
ಬೀದಿಯಿಂದ ಕೂಗಿದಳು:
ಅಪ್ಪಾ, ನಿನ್ನ ನೀಡ ಎಲ್ಲಿ?

ಹುಡುಕಿದೆ. ಬಕೆಟ್ಟಿನ ಕೆಳಗಿರಬಹುದು,
ಪಾದದ ಕೆಳಗಿರಬಹುದು.
ಪೊರಕೆಯನ್ನು ನೀರಿಗದ್ದಿ
ಏಣಿಗೆ ಕಾಲಿಟ್ಟೆ.
ಕುತ್ತಿಗೆಯ ಹಿಂದೆ ಏನೋ
ಗಲಗಲ ಅಂದಿತು.