ಕಿಲುಬು

ಬ್ಯಾಟರಿ ಸತ್ತಿಲ್ಲ ಮಾರಾಯ, ಎಂದಳು ನಾಜಿಬ್ರೋಲಾ,
ಬಾನೆಟ್ಟಿನೊಳಗೆ ಅರ್ಧ ಮೈ ಇಳಿಸಿ.
ಬಟೂಮಿಯ ಕಡಲಗಾಳಿ
ನನ್ನ ಎಪ್ಪತ್ನಾಲ್ಕರ ಝಿಗುಲಿಗೆ
ಉಪ್ಪುಣಿಸಿ ಉಪ್ಪುಣಿಸಿ
ಟರ್ಮಿನಲ್ಲಿಗೆ ಹಸಿರು ಕಿಲುಬು ಹತ್ತಿಸಿತ್ತು.

ಆ ಚಳಿಗಾಲ ಎರಡು ಹೊಸ ಬ್ಯಾಟರಿ ಕೊಂಡಿದ್ದೆ.
ಆದರೂ ಎಡಕ್ಕೆ ಸಿಗ್ನಲ್ ಹಾಕಿದರೆ
ಬ್ರೇಕಿನ ದೀಪ ಕಣ್ಣು ಹೊಡೆಯುತ್ತಿತ್ತು,
ಹಾರ್ನ್ ಒತ್ತಿದರೆ ಹೆಡ್‌ಲೈಟಿಗೆ ಜೋಂಪು.

ಮೊದಲು ಕಪ್ಪು ತಂತಿ ಕಳಚಿದಳು, ಆಮೇಲೆ ಕೆಂಪು.
ಸೋಡಾ ನೀರು ಬುಸುಬುಸು ನೊರೆಯೆದ್ದಿತು.
ಹಲ್ಲುಜ್ಜುವ ಹಳೇ ಬ್ರಷ್ಷು, ಗಂಡನದಂತೆ.
"ಪೋತಿಗೆ ಹೋಗುವಾಗ ಇದೊಂದು ಬಿಟ್ಟುಹೋದ."
ಅಷ್ಟೇ.
ಉಜ್ಜಿದಳು.

ಕೊನೆಗೆ ಅರ್ತ್ ತಂತಿ.
ಬಾಡಿಗೆ ಕಚ್ಚಿದ ಬೋಲ್ಟಿನ ಕೆಳಗೆ
ಹೋದ ವಸಂತದಲ್ಲಿ ನಾನೇ ಕೂತು ಬಳಿದ
ನೀಲಿ ಬಣ್ಣ, ಎರಡು ಕೋಟು.
"ಚೆಂದ ಮಾಡಿದ್ದೀಯ" ಎಂದಳು,
ಬರಿ ಲೋಹ ಕಾಣುವವರೆಗೆ ಕೆರೆದಳು.
ಕೆರೆದ ಸದ್ದಿಗೆ ನನ್ನ ಹಲ್ಲು ಜುಮ್ಮೆಂದವು.

ಬಿಗಿದು, ವ್ಯಾಸಲೀನ್ ಸವರಿ,
ತಿರುಗಿಸು ಎಂದಳು.
ಮಟಮಟ ಮಧ್ಯಾಹ್ನ ಎದುರುಗೋಡೆಯ ನೆರಳಲ್ಲಿ
ಎರಡು ಬೆಳಕು ಬಿದ್ದವು, ಒಂದೇ ಸಮ.

ಎಷ್ಟಾಯಿತು ಎಂದೆ.
ಎರಡು ಬ್ಯಾಟರಿಗೆ ಕೊಟ್ಟೆಯಲ್ಲ, ಅದನ್ನು ನೆನೆದು
ಒಪ್ಪಿದಷ್ಟು ಕೊಡು ಎಂದು ನಕ್ಕಳು;
ಬ್ರಷ್ಷು ತೊಳೆದು,
ಕೊಡವಿ,
ಎದೆಯ ಜೇಬಿಗಿಟ್ಟುಕೊಂಡಳು.