ಅಳತೆ ಪುಸ್ತಕ

ಕುಂಬಳೆಯಲ್ಲಿ, ಮೀನು ಮಾರ್ಕೆಟ್ಟಿಗೆ ಇಳಿಯುವ ದಾರಿಯಲ್ಲಿ
ನನ್ನ ಹೊಲಿಗೆ ಅಂಗಡಿ.
ಬೋರ್ಡು ಎರಡು ಭಾಷೆಯಲ್ಲಿ, ಚೌಕಾಸಿ ನಾಲ್ಕರಲ್ಲಿ,
ಅಳತೆ ಮಾತ್ರ ಇಂಚಿನಲ್ಲಿ.

ನಾಲ್ಕು ವರ್ಷಕ್ಕೊಮ್ಮೆ
ಮದುವೆಯ ರವಕೆಗಳೆಲ್ಲ ಮೂಲೆಗೆ ಸರಿಯುತ್ತವೆ.
ಥಾನುಗಟ್ಟಲೆ ಹಳದಿ ಬರುತ್ತದೆ, ಹಸಿರು,
ತಿಳಿನೀಲಿ, ಬಿಳಿ.
ಅಂದುಂಞಿಯ ಮಕ್ಕಳು ದುಬೈಯಿಂದ ದುಡ್ಡು ಕಳಿಸಿ
ಶಿರಿಯಾ ಹೊಳೆಯ ಈ ದಡದಿಂದ ಆ ದಡಕ್ಕೆ
ಬ್ರೆಜಿಲ್ ಕಟ್ಟಬೇಕು ಅನ್ನುತ್ತಾರೆ.
ಮರುದಿನ ಕ್ರಾಸ್ತಾರ ಹುಡುಗ ಬಂದು
ಅದಕ್ಕಿಂತ ಎರಡು ಮೊಳ ಉದ್ದದ ಅರ್ಜೆಂಟೀನಾ ಕೇಳುತ್ತಾನೆ.
ನೀವು ಯಾರ ಪಕ್ಷ ವಾರಿಜಕ್ಕ?
ಮುಂಗಡ ಕೊಟ್ಟವರ ಪಕ್ಷ.

ಆ ದೇಶಗಳು ಎಲ್ಲುಂಟೋ ನನಗೆ ಗೊತ್ತಿಲ್ಲ.
ಒಂದರ ಸೂರ್ಯನಿಗೆ ಕಣ್ಣು ಮೂಗು ಉಂಟೆಂದು ಗೊತ್ತು;
ಎಷ್ಟು ಸಲ ಹೊಲಿದರೂ ಆ ಮುಖ
ನಮ್ಮ ಹಳೇ ಪೋಸ್ಟ್‌ಮಾಸ್ಟರರ ಹಾಗೆಯೇ ಬರುತ್ತದೆ.

ಸೋತವರ ಬಟ್ಟೆ ರಾತ್ರಿಯೇ ವಾಪಸು.
ಅದು ತಲೆದಿಂಬಾಗುತ್ತದೆ, ಒಳಲಂಗವಾಗುತ್ತದೆ.
ಹದಿನಾಲ್ಕನೇ ಇಸವಿಯ ಒಂದು ಸೋಲು
ಇನ್ನೂ ನನ್ನ ಅಡುಗೆಮನೆ ಕಿಟಕಿಗೆ ಪರದೆ.

ಒಂದು ದಿನ ಡ್ರಿಲ್ಲಿನ ಮಮ್ಮದೆ ಮಾಷ್ಟ್ರು
ಗುಂಡಿ ಹಾಕಿಸಲು ಬಂದು ಕೇಳಿದರು:
ನಮ್ಮ ದೇಶದ್ದು ಎಷ್ಟು ಹೊಲಿದಿದ್ದೀ?
ಪುಸ್ತಕ ತಿರುವಿದೆ. ಆಗಸ್ಟಿಗೆ, ಶಾಲೆಗೆ, ಎರಡು.
ನಮ್ಮವರು ಹೊರಗೆ ಹೋಗಿ ಒಮ್ಮೆ ಗೆಲ್ಲಲಿ, ಅಂದರು,
ಆಮೇಲೆ ನೋಡು, ಊರೇ ಚೆಂಡಿನ ಹಿಂದೆ.
ಈಗ ಯಾರ ಹಿಂದೆ ಉಂಟು ಮಾಷ್ಟ್ರೇ ಊರು?
ಕೊಯ್ಲಾದ ಗದ್ದೆಯಲ್ಲಿ, ಕೂಳೆ ಚುಚ್ಚುವ ಬರಿಗಾಲಲ್ಲಿ
ಏಳು ಜನರ ಮೇಲೆ ಏಳು ಜನ
ಬೊಬ್ಬೆ ಹೊಡೆಯುತ್ತಿದ್ದರು.
ಮಾಷ್ಟ್ರು ಅತ್ತ ನೋಡಿದರು, ತುಂಬ ಹೊತ್ತು.
ಇವರೆಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದ ಸಿರಾಜು
ಶಾರ್ಜಾದಲ್ಲಿ ಮೊಸರಿನ ಡಬ್ಬಿ ಜೋಡಿಸುತ್ತಾನೆ, ಅಂದರು.
ಗುಂಡಿಯ ದುಡ್ಡು ಕೊಡಲು ಮರೆತು ಹೋದರು.

ಆಮೇಲೆ ಗೆದ್ದದ್ದೂ ಆಯಿತು.
ನನಗೆ ಹೇಳಲು ಬಾರದ ಯಾವುದೋ ಕಪ್ಪು,
ಯಾವುದೋ ಚಳಿಯ ಊರು, ನಮ್ಮ ಹುಡುಗಿಯರು.
ರಾತ್ರಿ ಹನ್ನೊಂದೂವರೆಗೆ ಮಾಷ್ಟ್ರು ಒಬ್ಬರೇ
ಅಂಗಳದಲ್ಲಿ ಒಂದು ಮಾಲೆ ಪಟಾಕಿ ಬಿಟ್ಟರು.
ಆಚೆಮನೆಯವರು ಯಾರ ಮದುವೆ ಎಂದರು.
ಈಚೆಮನೆಯವರು ಹಂದಿ ಬಂತೆಂದು ಟಾರ್ಚು ಹಿಡಿದು ಓಡಿದರು.
ಬೆಳಿಗ್ಗೆ ಪೇಪರಿನ ಹನ್ನೊಂದನೇ ಪುಟದಲ್ಲಿ
ಒಬ್ಬ ಕ್ರಿಕೆಟಿಗನ ಮೊಣಕಾಲು ನೋವಿನ ಕೆಳಗೆ
ನಾಲ್ಕು ಸಾಲು.

ಒಂದು ವಾರ ಏನೂ ಆಗಲಿಲ್ಲ.
ಮೂರು ರವಕೆ, ಒಂದು ಜಿಪ್ಪು, ಕರೆಂಟು ಹೋದದ್ದು.

ಎಂಟನೇ ದಿನ ರಂಸೀನ ಬಂದಳು, ಏಳನೇ ಕ್ಲಾಸು,
ಹಿಂದೆ ಉಸಿರು ಬಿಡುತ್ತಾ ಅವಳ ಉಮ್ಮಾಮ.
ಕಂಪಾಸ್ ಬಾಕ್ಸಿನೊಳಗೆ ಮಡಚಿಟ್ಟ ಆ ನಾಲ್ಕು ಸಾಲು.
ಆಟದ ಪ್ಯಾಂಟು ಬೇಕು ಅಂದಳು.
ಕಾಲು ಮುಚ್ಚಬೇಕು, ಅಂದಿತು ಮುದುಕಿ.
ಕಾಲು ಬೀಸಬೇಕು, ಅಂದಿತು ಹುಡುಗಿ.
ಇಬ್ಬರೂ ನನ್ನನ್ನೇ ನೋಡಿದರು,
ಕೋರ್ಟಿನಲ್ಲಿ ನೋಡುವ ಹಾಗೆ.

ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಅಳತೆ ಬರೆದವಳು ನಾನು:
ಎದೆ, ಸೊಂಟ, ತೋಳು, ಉದ್ದ.
ಎಲ್ಲರೂ ಉಸಿರು ಬಿಗಿಹಿಡಿದು ನಿಂತವರೇ.
ಇವಳಿಗೆ ಅಂದೆ, ಒದೆ ನೋಡುವಾ.
ಒದ್ದಳು ಮಾರಾಯ್ತಿ!
ನೂಲಿನ ಡಬ್ಬಿ ಮೆಟ್ಟಿಲಿಳಿದು ಮಾರ್ಕೆಟ್ಟಿಗೆ ಉರುಳಿತು,
ಬುಟ್ಟಿ ಹೊತ್ತ ಮೊಗವೀರ್ತಿ ಬಯ್ದಳು,
ಮುದುಕಿ ಸೆರಗಲ್ಲಿ ನಗು ಒತ್ತಿಕೊಂಡಿತು.
ಎತ್ತಿದ ಕಾಲು ಎತ್ತಿದಲ್ಲೇ ಇರುವಾಗ
ಟೇಪು ಹಿಡಿದು ಬರೆದೆ.
ಆ ಅಳತೆಗೆ ಪುಸ್ತಕದಲ್ಲಿ ಕಾಲಂ ಇರಲಿಲ್ಲ,
ಅಂಚಿನಲ್ಲಿ ಬರೆದೆ.

ಅಂಚಿನಲ್ಲಿ ಈಗ ಐದು ಹೆಸರು.
ಏಳಾದರೆ ಗದ್ದೆಗಿಳಿಯುತ್ತಾರಂತೆ.
ಗದ್ದೆ ಅಷ್ಟರವರೆಗೆ ಇರುತ್ತದೋ ಗೊತ್ತಿಲ್ಲ,
ಅಕಾಡೆಮಿ ಮಾಡುತ್ತೇವೆಂದು ಯಾರೋ ಕಾರಿನಲ್ಲಿ ಬಂದು
ಅಳೆದು ಹೋಗಿದ್ದಾರೆ, ಫೀಸು ಎಷ್ಟೆಂದು ಹೇಳಲಿಲ್ಲ.
ಬಾವುಟಕ್ಕೆ ಮುಂಗಡ ಇನ್ನೂ ಯಾರೂ ಕೊಟ್ಟಿಲ್ಲ.

ಪ್ಯಾಂಟಿನ ತೊಡೆಸಂದಿಗೆ, ಒಳಗಡೆ,
ಕಿಟಕಿಯ ಆ ಹಳದಿಯನ್ನೇ ಕತ್ತರಿಸಿ ಕೊಟ್ಟಿದ್ದೇನೆ.
ಸೋತ ಬಟ್ಟೆ, ಆದರೆ ಗಟ್ಟಿ.
ಶುಕ್ರವಾರ ಬಾ ಅಂದಿದ್ದೆ.
ಬುಧವಾರವೇ ಬಂದು ನಿಂತಿದ್ದಾಳೆ,
ಒಂದೇ ಕಾಲಲ್ಲಿ.