ಎಂಟೂಕಾಲರ ಬಾಂಗು

ಸ್ಟೇಟ್ ಬ್ಯಾಂಕಿನ ಬಸ್ಸುಗಳ ಹೊಗೆ ಇಳಿದು ಬರುವ
ಏಳು ಮೆಟ್ಟಿಲ ಕೆಳಗೆ ನನ್ನ ಅಂಗಡಿ.
ಇಲ್ಲಿಂದ ಕಾಣುವುದು ಮೇಲೆ ನಡೆವವರ ಪಾದ ಮಾತ್ರ:
ಮೀನು ಕೊಂಡವರ ಪಾದಕ್ಕೊಂದು ಅವಸರ,
ಕೊಳ್ಳದವರ ಪಾದಕ್ಕೆ ಇನ್ನೊಂದು.

ಡ್ರಾಯರಿನಲ್ಲಿ ರಿಪೇರಿಯ ಫೋನುಗಳು
ಬೆನ್ನಿಗೆ ಚೀಟಿ ಅಂಟಿಸಿಕೊಂಡು ಮಲಗಿರುತ್ತವೆ.
ನೀರಿಗೆ ಬಿದ್ದದ್ದು, ಸಿಟ್ಟಿಗೆ ಬಿದ್ದದ್ದು,
ಮಗು ಕಚ್ಚಿದ್ದು.

ರಂಜಾನಿನ ಒಂಬತ್ತನೆಯ ಸಂಜೆ
ಬಂದರಿನ ಮಸೀದಿಯ ಬಾಂಗಿಗೆ ಉಪವಾಸ ತೊರೆದು
ಸಮೋಸದ ಎಣ್ಣೆ ಸರ್ಕೀಟಿಗೆ ತಾಗದಂತೆ
ಬೆರಳೊರೆಸಿ ಕೂತಿದ್ದೆ.
ಎಂಟೂ ಕಾಲಿಗೆ
ಡ್ರಾಯರಿನೊಳಗಿಂದ ಮತ್ತೊಂದು ಬಾಂಗು.

“ಹಾಗಾದ್ರೆ ಇನ್ನೊಮ್ಮೆ ತಿನ್ಲಿಕ್ಕುಂಟಾ ಮಾರಾಯ?”
ಕೇಳಿದ ಗಿಲ್ಬರ್ಟ್, ಪೊಟ್ಟಣದ ಕೊನೆಯ ಸಮೋಸ ನೋಡುತ್ತಾ.

ಮುಖ ಒಡೆದ ಫೋನು. ಜೇಡನ ಬಲೆಯಂಥ ಗಾಜಿನಡಿ
ಗಂಟೆ ಐದೂ ಮುಕ್ಕಾಲು, ಊರು ಜುಬೈಲ್.
ನಿಲ್ಲಿಸೋಣವೆಂದರೆ ಟಚ್ ಸತ್ತಿದೆ.
ಮುಟ್ಟಿದರೆ ತಿಳಿಯದ ಮೈಯಲ್ಲಿ
ಕರೆಯುವ ಗಂಟಲೊಂದು ಬದುಕಿತ್ತು.

ಮೂರು ದಿನ ಹಾಗೇ ಕೂಗಿತು.
ನಾನು ಶುಕ್ರವಾರದ ಗಿರಾಕಿ;
ಐದು ಹೊತ್ತಿನ ಲೆಕ್ಕ ನಮ್ಮ ಉಮ್ಮನದು.
ಆದರೂ ಆ ಎಂಟೂ ಕಾಲಿಗೆ, ಯಾಕೋ,
ಸೋಲ್ಡರಿಂಗ್ ಕಡ್ಡಿ ಕೆಳಗಿಡುತ್ತಿದ್ದೆ.

ನಾಲ್ಕನೆಯ ದಿನ ಜೋಕಟ್ಟೆಯ ಅವ್ವಮ್ಮ ಬಂದರು:
ಮೊದಲು ಪಾದ, ಆಮೇಲೆ ಬುರ್ಖಾದ ಅಂಚು,
ಕೊನೆಗೆ ಏದುಸಿರು.

ಹೊಸ ಗಾಜು ಬೆಳಗಿತು. ಬೆಳಗಿದ್ದೇ ಫೋನು ಕೇಳಿತು:
ನೀವು ಮಂಗಳೂರಿನಲ್ಲಿದ್ದೀರಿ. ಸಮಯ ಬದಲಿಸಲೇ?
ನನ್ನ ಬೆರಳು ‘ಹೌದು’ವಿನ ಮೇಲೇ ಇತ್ತು.

“ಬೇಡ ಮೋನೇ.

ಹನ್ನೊಂದು ವರ್ಷ ಅಲ್ಲಿ
ಒಂದು ಮನೆಯ ಪಾತ್ರೆ, ಆ ಮನೆಯ ಮಕ್ಕಳು.
ಅಡುಗೆಮನೆಯಲ್ಲಿ ಜೊತೆಗೆ ಜಾವಾದ ಸುಲಾಸ್ತ್ರಿ.
ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ.
ಇಬ್ಬರಿಗೂ ಬರುತ್ತಿದ್ದದ್ದು ಒಂದಿಷ್ಟು ಅರಬಿ:
ಬಾ, ತೊಳೆ, ಬೇಗ –
ಉಳಿದದ್ದು ದುಆ.

ಬಾಂಗು ಆಗುವಾಗ ತಟ್ಟೆ ಒಳಗೆ ಹೋಗಬೇಕು, ಗಂಜಿ ಹೋಗಬೇಕು.
ಬಾಗಿಲ ಹಿಂದೆ ನಿಂತು ಒಂದು ಖರ್ಜೂರ ಸೀಳುತ್ತಿದ್ದೆವು.
ಬೀಜವಿರುವ ಅರ್ಧ ಇವತ್ತು ಅವಳಿಗೆ, ನಾಳೆ ನನಗೆ.
ಬೀಜ ಇದ್ದರೆ ಕೆಲಸದ ನಡುವೆ
ದವಡೆಯಲ್ಲಿಟ್ಟು ಚೀಪಬಹುದಲ್ಲ.

ಅವಳ ನಂಬರು ಬದಲಾಗಿದೆ ಮೋನೇ,
ಹೊತ್ತು ಬದಲಾಗಿಲ್ಲ.
ಇದು ಕೂಗುವಾಗ ನಾನೊಂದು ಅರ್ಧ ತಿನ್ನುತ್ತೇನೆ.
ಇನ್ನರ್ಧ ಮೊಮ್ಮಗ ಕದೀತಾನೆ.”

“ಖಿಬ್ಲಾದ ಬಾಣವೂ ತಪ್ಪು ತೋರಿಸ್ತದೆ, ಉಮ್ಮಾ,”
ಅಂದೆ. ಕಸುಬಿನವನ ಹಠ.
ಅವರು ನಕ್ಕರು:
“ದಿಕ್ಕು ಹೇಳ್ಲಿಕ್ಕೆ ನಮಗೆ ಕಡಲಿಲ್ವಾ?”

‘ಬೇಡ’ ಒತ್ತಿದೆ.
ಅದು ಬಿಡಲಿಲ್ಲ: ನಂತರ ನೆನಪಿಸಲೇ?
ಎಂದಿಗೂ ಬೇಡ, ಎಂದು ಒತ್ತಿದೆ.

ಐವತ್ತು ರೂಪಾಯಿ ಕಡಿಮೆ ಬಿತ್ತು.
ಚೀಲ ತಡಕಿ, ಪ್ಲಾಸ್ಟಿಕ್ ಡಬ್ಬಿ ತೆಗೆದು
ಎರಡು ಖರ್ಜೂರ ಮೇಜಿನ ಮೇಲಿಟ್ಟು
ಮೆಟ್ಟಿಲು ಹತ್ತಿದರು;
ಏದುಸಿರು ಮೊದಲು ಮಾಯವಾಯಿತು, ಪಾದ ಕೊನೆಗೆ.

ಮಸೀದಿಯ ಗುಂಪಿನಲ್ಲಿ ನನಗೆ
ನೂರಾ ನಲವತ್ತು ಸಂದೇಶ ಬಾಕಿ –
ಚಂದ್ರ, ಗುಲಾಬಿ, ಹೊಳೆಯುವ ಅಕ್ಷರದ ದುಆಗಳು.
ಓದದೆಯೇ ಎಷ್ಟನ್ನು ದಾಟಿಸಿದೆಯೋ
ಈ ಹೆಬ್ಬೆರಳು.

ಮರುದಿನ ಎಂಟೂ ಕಾಲು.
ಡ್ರಾಯರು ಸುಮ್ಮನಿತ್ತು.
ಎಂಟೂ ಇಪ್ಪತ್ತಕ್ಕೆ ಗಿಲ್ಬರ್ಟ್ ತಲೆಯೆತ್ತಿ ಗಡಿಯಾರ ನೋಡಿದ:
“ಇವತ್ತು ಬಾಂಗು ಆಗ್ಲಿಲ್ಲ ಅಲ್ವಾ?”

ಬಾಯಲ್ಲಿದ್ದ ಬೀಜವನ್ನು ಒಂದು ದವಡೆಯಿಂದ
ಇನ್ನೊಂದಕ್ಕೆ ಸರಿಸಿ ಅಂದೆ:
“ಆಗಿರ್ತದೆ. ಜೋಕಟ್ಟೆಯಲ್ಲಿ.”